ಅಣೆಕಟ್ಟಿಗೂ ಮುಂಚಿನ ಒಂದು ಸಭೆ: ಅಲ್ಲಿ ಊರಿನ ಮಾತಿಗೆ ಎಷ್ಟು ತೂಕ?

ನಮ್ಮ ಪರಿಸರ ನಿಯಮಗಳ ಒಳಗೆ ಒಂದು ಡಂಗುರ ಅಡಗಿದೆ. ದೊಡ್ಡ ಯೋಜನೆಯ ಬಗ್ಗೆ ಜನರ ಮಾತು ಕೇಳಲು ಸಭೆ ಕರೆದರೆ ಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕು. ಪತ್ರಿಕೆಯೇ ಬರದ ಊರಾದರೆ? ಅಲ್ಲಿ ಡಂಗುರ ಹೊಡೆಸಿಯಾದರೂ ಸುದ್ದಿ ಮುಟ್ಟಿಸಬೇಕು. ಇದು ರಾಜರ ಕಾಲದ ಆಜ್ಞೆ ಅಲ್ಲ. 2006ರ ಸೆಪ್ಟೆಂಬರ್ 14ರಂದು ಕೇಂದ್ರ ಪರಿಸರ ಸಚಿವಾಲಯ ಹೊರಡಿಸಿದ ಅಧಿಸೂಚನೆಯಲ್ಲಿರುವ ಮಾತು.

ಆ ಸಭೆಗೆ ಸರ್ಕಾರಿ ಕನ್ನಡದಲ್ಲಿ 'ಸಾರ್ವಜನಿಕ ಆಲಿಕೆ' ಅಂತ ಹೆಸರು. ಊರಿನವರು 'ಅಹವಾಲು ಸಭೆ' ಅನ್ನುತ್ತಾರೆ. ಅಣೆಕಟ್ಟು, ಜಲವಿದ್ಯುತ್ ಯೋಜನೆ, ದೊಡ್ಡ ನೀರಾವರಿ ಯೋಜನೆ ಬಂದಾಗಲೆಲ್ಲ ಈ ಸಭೆಯ ಸುದ್ದಿ ಬರುತ್ತದೆ. 'ಜನರ ತೀವ್ರ ವಿರೋಧ' ಅಂತ ಮರುದಿನ ಪತ್ರಿಕೆಯಲ್ಲಿ ನೋಡುತ್ತೇವೆ. ಕೆಲವು ತಿಂಗಳ ಮೇಲೆ ಅದೇ ಯೋಜನೆ ಒಂದು ಹೆಜ್ಜೆ ಮುಂದೆ ಹೋದ ಸುದ್ದಿಯೂ ಬರುತ್ತದೆ. ಹಾಗಾದರೆ ಅಷ್ಟು ಜನ ಬಿಸಿಲಲ್ಲಿ ನಿಂತು ಮಾತಾಡಿದ್ದು ಸುಮ್ನೆ ಹೋಯಿತಾ?

ಸುಮ್ನೆ ಹೋಗುವುದಿಲ್ಲ. ಆದರೆ ನಾವು ಅಂದುಕೊಂಡಂತೆಯೂ ಅದು ಕೆಲಸ ಮಾಡುವುದಿಲ್ಲ.

ಕೇಳದೆ ಕಟ್ಟಿದ ಕಾಲ

ಮೊದಲು ಲಿಂಗನಮಕ್ಕಿಗೆ ಹೋಗಿ ಬರೋಣ. ಶರಾವತಿಗೆ ಅಡ್ಡಲಾಗಿ ಈ ಅಣೆಕಟ್ಟು ಎದ್ದು ನಿಂತದ್ದು 1964ರಲ್ಲಿ. ಗರಿಷ್ಠ ಮಟ್ಟ 1819 ಅಡಿ. ಜುಲೈ ತಿಂಗಳಲ್ಲಿ ಪತ್ರಿಕೆಯ ಮೂಲೆಯ ಪಟ್ಟಿಯಲ್ಲಿ ಈ 1819ನ್ನು ಹುಡುಕದ ಮಲೆನಾಡಿಗ ಕಡಿಮೆ. ತುಂಬಿದರೆ ಸುಮಾರು 151 ಟಿಎಂಸಿ ನೀರು. ಅದಕ್ಕೂ ಮುಂಚೆ ಇದೇ ನದಿಗೆ ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟು ಈಗ ಈ ಹಿನ್ನೀರಿನ ಒಳಗೇ ಇದೆ. ಕಡು ಬೇಸಿಗೆಯಲ್ಲಿ ನೀರು ತೀರಾ ಇಳಿದಾಗ ಮೇಲೆದ್ದು ಕಾಣುತ್ತದೆ. ಅಣೆಕಟ್ಟನ್ನೇ ಮುಳುಗಿಸಿದ ಅಣೆಕಟ್ಟು ಇದು.

ಮುಳುಗಿದ ಊರುಗಳ ಜನ ಲಾರಿ ಹತ್ತಿ ಬೇರೆ ಬೇರೆ ತಾಲ್ಲೂಕುಗಳ ಕಾಡಂಚಿಗೆ ಹೋದರು. ಅವರಲ್ಲಿ ಬಹಳ ಕುಟುಂಬಗಳು ಜಮೀನಿನ ಹಕ್ಕುಪತ್ರಕ್ಕೆ ಇವತ್ತಿಗೂ ಅಲೆಯುತ್ತಿವೆ. ಹೋಗದೆ ಉಳಿದವರಿಗೆ ಇನ್ನೊಂದು ಕಷ್ಟ. ತುಮರಿ, ಕರೂರು ಸೀಮೆಯ ಊರುಗಳು ಹಿನ್ನೀರಿನ ಆಚೆ ಉಳಿದುಬಿಟ್ಟವು. ಸಾಗರ ಪೇಟೆಗೆ ಬರಬೇಕಾದರೆ ಕಳಸವಳ್ಳಿಯಿಂದ ಅಂಬಾರಗೋಡ್ಲಿಗೆ ಲಾಂಚ್. ಹೆರಿಗೆ ನೋವಿಗೂ ಲಾಂಚ್, ಹೆಣ ತರುವುದಕ್ಕೂ ಲಾಂಚ್. ಕತ್ತಲಾದ ಮೇಲೆ ಲಾಂಚ್ ಇಲ್ಲ. ಅಲ್ಲಿ ಸೇತುವೆ ಉದ್ಘಾಟನೆ ಆದದ್ದು 2025ರ ಜುಲೈ 14ರಂದು. ಲೆಕ್ಕ ಹಾಕಿ: ನೀರು ನಿಂತು 60 ವರ್ಷ ದಾಟಿತ್ತು.

ಅಣೆಕಟ್ಟಿನ ನಕ್ಷೆ ಬರೆಯುವಾಗ ಆ ಊರಿನ ಒಬ್ಬ ದೋಣಿಯವನನ್ನು ಕೇಳಿದ್ದರೂ ಸಾಕಿತ್ತು. 'ಸ್ವಾಮಿ, ನೀರು ನಿಂತ ಮೇಲೆ ನಾವು ಆಚೆ ದಡಕ್ಕೆ ಹೋಗೋದು ಹೆಂಗೆ?' ಅಂತ ಅವನು ಕೇಳುತ್ತಿದ್ದ. ಆದರೆ ಹಾಗೆ ಕೇಳುವ ಜಾಗ ಕಾನೂನಿನಲ್ಲಿ ಇರಲಿಲ್ಲ. ಆಗಿನ ಭೂಸ್ವಾಧೀನ ಕಾನೂನು 1894ರ ಕಾಲದ್ದು. ಅದರಲ್ಲಿ ಆಕ್ಷೇಪಣೆ ಅಂದರೆ ಜಮೀನಿನಲ್ಲಿ ಹಕ್ಕಿದ್ದವನು ಅಧಿಕಾರಿಗೆ ಕೊಡುವ ಅರ್ಜಿ, ಅಷ್ಟೇ. ಸರ್ಕಾರ 'ಸಾರ್ವಜನಿಕ ಉದ್ದೇಶ' ಅಂದರೆ ಮುಗಿಯಿತು, ಉಳಿದದ್ದು ಬೆಲೆಯ ಚೌಕಾಸಿ. ನದಿಯಲ್ಲಿ ಮೀನು ಹಿಡಿಯುವವನು, ಬೇರೆಯವರ ಗದ್ದೆಯಲ್ಲಿ ಕೂಲಿ ಮಾಡುವವಳು ಆ ಲೆಕ್ಕಕ್ಕೇ ಬರುತ್ತಿರಲಿಲ್ಲ.

ಶಿರಸಿಯವರು ತಾವೇ ಕರೆದ ಸಭೆ

ಕಾನೂನು ಕರೆಯದಿದ್ದರೇನಂತೆ, ನಾವೇ ಕರೆಯೋಣ ಅಂತ ಹೊರಟ ಒಂದು ಕಥೆಯೂ ನಮ್ಮಲ್ಲೇ ಇದೆ. ಉತ್ತರ ಕನ್ನಡದ ಬೇಡ್ತಿ ನದಿಗೆ 210 ಮೆಗಾವಾಟ್‌ನ ಜಲವಿದ್ಯುತ್ ಯೋಜನೆ ಬರುವುದಿತ್ತು. ಘಟ್ಟದ ಮೇಲಿನ ಅಡಿಕೆ, ಏಲಕ್ಕಿ ತೋಟಗಳಿಗೆ, ಕಾಡಿಗೆ ಮುಳುಗಡೆ ಭಯ. 1981ರಲ್ಲಿ ಶಿರಸಿಯಲ್ಲಿ ಒಂದು ವಿಚಾರ ಸಂಕಿರಣ ನಡೆಯಿತು. ಅದರ ಹಿಂದೆ ನಿಂತದ್ದು ಪರಿಸರ ಸಂಘಟನೆಯಲ್ಲ. ತೋಟಿಗರ ಸಹಕಾರಿ ಮಾರಾಟ ಸಂಘ! ಅಡಿಕೆ ತೂಗಿ, ಟೆಂಡರ್ ಕರೆದು ಮಾರುವ ಸಂಘ. ಮಾಧವ ಗಾಡ್ಗೀಳರಂಥ ವಿಜ್ಞಾನಿಗಳೂ, ಯೋಜನೆಯ ಕಡೆಯವರೂ, ಬೆಳೆಗಾರರೂ ಅಲ್ಲಿ ಸೇರಿದರು.

ಅಲ್ಲಿ ನಡೆದದ್ದು ಲೆಕ್ಕದ ಪರೀಕ್ಷೆ. ಯೋಜನೆಯಿಂದ ಇಷ್ಟು ಲಾಭ, ಇಷ್ಟು ಖರ್ಚು ಅಂತ ಕಾಗದದ ಮೇಲಿತ್ತು. ಸರಿ, ಮುಳುಗುವ ಕಾಡಿಗೆ ಎಷ್ಟು ಬೆಲೆ ಹಿಡಿದಿದ್ದೀರಿ? ಮುಳುಗುವ ತೋಟದ ಮುಂದಿನ ವರ್ಷಗಳ ಫಸಲು ಖರ್ಚಿನ ಕಡೆ ಬಂದಿದೆಯಾ? ತರಾಜು ಹಿಡಿದು ಬದುಕುವವರು ಇಂಥ ಪ್ರಶ್ನೆ ಕೇಳದೆ ಬಿಡುತ್ತಾರೆಯೇ? ಯೋಜನೆ ಆಮೇಲೆ ನಿಂತುಹೋಯಿತು.

ಬೇಡ್ತಿಯ ಕಥೆ ಹೇಳುವಾಗ ಜನ ಸಾಮಾನ್ಯವಾಗಿ ಹೋರಾಟ, ಗೆಲುವು ಅನ್ನುತ್ತಾರೆ. ನನಗೆ ಅದರಲ್ಲಿ ಮುಖ್ಯ ಅನಿಸುವುದು ಹೊತ್ತು. ಬುಲ್ಡೋಜರ್ ಬಂದು ನಿಲ್ಲುವವರೆಗೆ, ಗುತ್ತಿಗೆ ಕೈಬದಲಾಗುವವರೆಗೆ ಅವರು ಕಾಯಲಿಲ್ಲ. 'ಇದು ಬೇಕಾ?' ಅಂತ ಕೇಳಬಹುದಾದ ಹೊತ್ತಿನಲ್ಲೇ ಕೇಳಿದರು. ಈಗಿನ ಆಲಿಕೆಗೆ ಇಲ್ಲದ್ದು ಇದೇ.

ಈಗಿನ ನಿಯಮ ಏನು ಹೇಳುತ್ತದೆ

ಪರಿಸರ ಅನುಮತಿಯ ಅಧಿಸೂಚನೆ ಮೊದಲು ಬಂದದ್ದು 1994ರಲ್ಲಿ. ಜನರ ಸಭೆ ಕಡ್ಡಾಯ ಅಂತ ಅದಕ್ಕೆ ಸೇರಿಸಿದ್ದು 1997ರಲ್ಲಿ. 2006ರಲ್ಲಿ ಎಲ್ಲವನ್ನೂ ಹೊಸದಾಗಿ ಬರೆದರು. ಈಗ ನಡೆಯುತ್ತಿರುವುದು ಅದರ ಮೇಲೆಯೇ, ನಡುವೆ ಲೆಕ್ಕವಿಲ್ಲದಷ್ಟು ತಿದ್ದುಪಡಿ ಆಗಿವೆ.

ಕೆಲಸ ಹೀಗೆ ಸಾಗುತ್ತದೆ. ಯೋಜನೆ ಮಾಡುವವರು ಮೊದಲು ಸಚಿವಾಲಯಕ್ಕೆ ಅರ್ಜಿ ಹಾಕುತ್ತಾರೆ. ಏನೇನು ಅಧ್ಯಯನ ಮಾಡಬೇಕು ಅಂತ ತಜ್ಞರ ಸಮಿತಿ ಪಟ್ಟಿ ಕೊಡುತ್ತದೆ. ಆ ಪಟ್ಟಿಯ ಪ್ರಕಾರ ಒಂದು ಸಲಹಾ ಸಂಸ್ಥೆ ನದಿ, ಕಾಡು, ಗಾಳಿ, ಜನಜೀವನ ಎಲ್ಲದರ ಮೇಲೆ ಆಗುವ ಪರಿಣಾಮದ ವರದಿ ಬರೆಯುತ್ತದೆ. ಇದೇ ಇಐಎ ವರದಿ. ಸಲಹಾ ಸಂಸ್ಥೆಗೆ ಸಂಬಳ ಕೊಡುವುದು ಯೋಜನೆಯವರೇ. ಹುಡುಗನ ಕಡೆಯವರೇ ಬ್ರೋಕರ್‌ಗೆ ದುಡ್ಡು ಕೊಟ್ಟು ಹುಡುಗನ ಗುಣ ವಿಚಾರಿಸಿದ ಹಾಗೆ. ವರದಿಯಲ್ಲಿ ಕೆಟ್ಟದ್ದು ಬರೆಯುವುದೇ ಇಲ್ಲ ಅಂತಲ್ಲ, ಆದರೆ ಓದುವವರು ಇದನ್ನು ನೆನಪಿಟ್ಟುಕೊಂಡು ಓದಬೇಕು.

ಹೀಗೆ ತಯಾರಾದ ವರದಿ ಇನ್ನೂ ಕರಡು. ಆಲಿಕೆ ನಡೆಯುವುದು ಆ ಕರಡಿನ ಮೇಲೆ. ನಡೆಸುವವರು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯವರು. ಮೇಜಿನ ನಡುವೆ ಕೂರುವವರು ಡಿಸಿ, ಇಲ್ಲವೇ ಅವರ ಪರವಾಗಿ ಎಡಿಸಿ ಮಟ್ಟಕ್ಕೆ ಕಡಿಮೆಯಿಲ್ಲದ ಅಧಿಕಾರಿ. ಕನಿಷ್ಠ 30 ದಿನ ಮೊದಲು ನೋಟಿಸ್ ಕೊಡಬೇಕು. ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲಿ ಇರಬೇಕು. ಡಿಸಿ ಕಚೇರಿ, ಜಿಲ್ಲಾ ಪಂಚಾಯಿತಿ, ಸ್ಥಳೀಯ ಸಂಸ್ಥೆಗಳಲ್ಲಿ ಅದು ಜನರ ಕೈಗೆ ಸಿಗಬೇಕು. ಇಡೀ ಸಭೆಯ ವಿಡಿಯೊ ಆಗಬೇಕು. ಇಷ್ಟೇ ಜನ ಬರಬೇಕು ಅಂತ ಕೋರಂ ಇಲ್ಲ. ಹತ್ತು ಜನ ಬಂದರೂ ಸಭೆ, ಹತ್ತು ಸಾವಿರ ಬಂದರೂ ಸಭೆ.

ಸಭೆಗೆ ಬರಲಾಗದವರು, ಬೆಂಗಳೂರಿನಲ್ಲೋ ದುಬೈನಲ್ಲೋ ಇರುವ ಊರಿನವರು, ವಿಷಯ ಬಲ್ಲವರು ಬರವಣಿಗೆಯಲ್ಲಿ ಅಭಿಪ್ರಾಯ ಕಳಿಸಬಹುದು. ಸಭೆಯಷ್ಟೇ ಅದೂ ಕಾನೂನಿನ ಭಾಗ. ಬಹಳ ಜನಕ್ಕೆ ಇದು ಗೊತ್ತಿಲ್ಲ.

ಶಾಮಿಯಾನದ ಒಳಗೆ

ಆಲಿಕೆ ನೋಡದವರಿಗೆ ಒಂದು ಚಿತ್ರ. ಹೆಚ್ಚುಕಡಿಮೆ ಎಲ್ಲ ಕಡೆ ಹೀಗೇ ಇರುತ್ತದೆ. ಶಾಲೆ ಮೈದಾನ ಅಥವಾ ಸಮುದಾಯ ಭವನ. ಪ್ಲಾಸ್ಟಿಕ್ ಕುರ್ಚಿ, ಒಂದಿಷ್ಟು ಪೊಲೀಸರು, ಬಾಗಿಲಲ್ಲಿ ಸಹಿ ಮಾಡುವ ಪುಸ್ತಕ. ಮೊದಲು ಯೋಜನೆಯವರ ಸ್ಲೈಡ್ ಶೋ. ಮೆಗಾವಾಟ್, ಕ್ಯುಮೆಕ್ಸ್, ಹೆಕ್ಟೇರ್ ಅಂತ ಸಾಗುತ್ತದೆ. ಎಕರೆ, ಗುಂಟೆಯಲ್ಲಿ ಯೋಚಿಸುವವರು ಹೆಕ್ಟೇರನ್ನು ಎರಡೂವರೆಯಿಂದ ಗುಣಿಸುತ್ತ ಕೂರುತ್ತಾರೆ. ಆಮೇಲೆ ಮೈಕು ಜನರ ಕಡೆ ಬರುತ್ತದೆ. ಮೊದಲು ಮೈಕು ಹಿಡಿಯುವವರು ಮುಖಂಡರು. ಅವರ ಮಾತು ಮುಗಿಯುವ ಹೊತ್ತಿಗೆ ಊಟದ ಹೊತ್ತು. ನಿಜವಾದ ಪ್ರಶ್ನೆ ಬರುವುದು ಆಮೇಲೆ, ಹಿಂದಿನ ಸಾಲಿನಿಂದ. 'ನಮ್ಮನೆ ಹೋಗ್ತದಾ, ಇಲ್ವಾ? ಅಷ್ಟು ಹೇಳಿ.'

ಈ ಹಂತದಲ್ಲಿ ಗಮನಿಸಬೇಕಾದ್ದು ವೇದಿಕೆಯ ಮೂಲೆಯಲ್ಲಿ ಬರೆದುಕೊಳ್ಳುತ್ತಿರುವ ವ್ಯಕ್ತಿಯನ್ನು. ನಿಯಮದ ಪ್ರಕಾರ ಸಭೆಯ ಕೊನೆಗೆ ಆ ನಡಾವಳಿಯನ್ನು ಅಲ್ಲೇ, ಸ್ಥಳೀಯ ಭಾಷೆಯಲ್ಲಿ ಓದಿ ಹೇಳಬೇಕು. ಅದೇ ದಿನ ಅದಕ್ಕೆ ಅಧ್ಯಕ್ಷತೆ ವಹಿಸಿದವರ ಸಹಿ ಬೀಳಬೇಕು. ಆದರೆ ಆ ಹೊತ್ತಿಗೆ ಅರ್ಧ ಕುರ್ಚಿ ಖಾಲಿ. ಹಾಲು ಕರೆಯಬೇಕು, ಕೊನೆ ಬಸ್ಸು ಹಿಡಿಯಬೇಕು. ನನ್ನ ಕೇಳಿದರೆ ಇಡೀ ದಿನದಲ್ಲಿ ಎದ್ದು ಹೋಗಬಾರದ ಹೊತ್ತು ಅದೊಂದೇ. ಮೈಕಿನಲ್ಲಿ ಏನು ಹೇಳಿದಿರಿ ಅನ್ನುವುದಕ್ಕಿಂತ ಕಾಗದದ ಮೇಲೆ ಏನು ಇಳಿಯಿತು ಅನ್ನುವುದು ಮುಂದೆ ದೆಹಲಿಗೆ ಹೋಗುತ್ತದೆ.

ಯಾಕೆಂದರೆ ಆಲಿಕೆ ಓಟಿಂಗ್ ಅಲ್ಲ. ನೂರಕ್ಕೆ ತೊಂಬತ್ತೈದು ಜನ ಬೇಡ ಅಂದರೂ ಯೋಜನೆ ಬಿದ್ದುಹೋಗುವುದಿಲ್ಲ. ಆಲಿಕೆಯಲ್ಲಿ ಬಂದ ಪ್ರತಿ ಆತಂಕಕ್ಕೂ ಯೋಜನೆಯವರು ಉತ್ತರ ಕೊಡಬೇಕು, ಕರಡು ವರದಿಯನ್ನು ತಿದ್ದಬೇಕು, ಆಮೇಲೆ ಅಂತಿಮ ವರದಿ ತಜ್ಞರ ಸಮಿತಿಯ ಮುಂದೆ ಹೋಗಬೇಕು. ಸಮಿತಿ ಅನುಮತಿ ಕೊಡಿ ಅಥವಾ ಬೇಡ ಅಂತ ಕಾರಣ ಸಮೇತ ಹೇಳುತ್ತದೆ. ಕೊನೆಯ ಮಾತು ಸಚಿವಾಲಯದ್ದು.

ಹಾಗಾಗಿ 'ಯೋಜನೆ ಬೇಡವೇ ಬೇಡ' ಅಂತ ಇನ್ನೂರು ಜನ ಹೇಳಿದರೆ ಆ ಪಟ್ಟಿಯಲ್ಲಿ ಅದು ಒಂದೇ ಸಾಲು. ಎದುರಿಗೆ ಒಂದೇ ಉತ್ತರ: 'ಯೋಜನೆ ನಾಡಿನ ಹಿತಕ್ಕೆ ಅಗತ್ಯ.' ಅದೇ ಒಬ್ಬ ಹೆಂಗಸು ಎದ್ದು ಹೀಗೆ ಕೇಳಿದಳು ಅನ್ನಿ: 'ಸುರಂಗ ಕೊರೆದ ಮಣ್ಣು ಇಂಥ ಸರ್ವೆ ನಂಬರಿನಲ್ಲಿ ಸುರೀತೀವಿ ಅಂತ ಬರೆದಿದ್ದೀರಿ. ಅದರ ಕೆಳಗೇ ನಮ್ಮ ಹಳ್ಳ ಇದೆ. ಮಳೆಗಾಲದಲ್ಲಿ ಆ ಮಣ್ಣು ಎಲ್ಲಿಗೆ ಇಳೀತದೆ? ನಾವು ಕುಡಿಯೋದು ಗುಡ್ಡದ ಅಬ್ಬಿ ನೀರು. ಬಂಡೆ ಸಿಡಿಸಿದ ಮೇಲೆ ಅಬ್ಬಿ ಬತ್ತಿದ್ರೆ ಯಾರು ನೀರು ಕೊಡ್ತೀರಿ?' ಇದಕ್ಕೆ 'ನಾಡಿನ ಹಿತ' ಅಂತ ಉತ್ತರ ಬರೆಯಲು ಆಗುವುದಿಲ್ಲ. ವರದಿಯ ನೀರಿನ ಅಧ್ಯಾಯದಲ್ಲಿ ಅಬ್ಬಿಯ ಹೆಸರೇ ಇಲ್ಲದಿದ್ದರೆ ಆ ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ. ಉತ್ತರ ಕೊಡದೆ ಅನುಮತಿ ಸಿಕ್ಕಿದರೂ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯಲ್ಲಿ ಆ ಸಾಲು ಮತ್ತೆ ಎದ್ದು ನಿಲ್ಲುತ್ತದೆ. ಅಲ್ಲಿ ಮೇಲ್ಮನವಿಗೆ 30 ದಿನದ ಗಡುವು, ಸರಿಯಾದ ಕಾರಣ ಇದ್ದರೆ ಇನ್ನೂ 60 ದಿನ.

ಇನ್ನೊಂದು ಮಾತು. ಸಭೆಯನ್ನೇ ನಡೆಯಲು ಬಿಡಬಾರದು, ಮೈಕು ಕಿತ್ತುಕೊಳ್ಳಬೇಕು ಅನ್ನುವ ಉಮೇದು ಕೆಲವೊಮ್ಮೆ ಬರುತ್ತದೆ. ಸಿಟ್ಟು ಅರ್ಥವಾಗುತ್ತದೆ. ಆದರೆ ಅಧಿಸೂಚನೆಯಲ್ಲಿ ಒಂದು ಅಂಶವಿದೆ: ಸ್ಥಳೀಯ ಪರಿಸ್ಥಿತಿಯಿಂದ ಮುಕ್ತವಾಗಿ ಸಭೆ ನಡೆಸಲು ಆಗುತ್ತಿಲ್ಲ ಅಂತ ವರದಿ ಹೋದರೆ ಸಭೆ ಇಲ್ಲದೆಯೇ ಮುಂದುವರಿಯಲು ಅವಕಾಶ ಉಂಟು. ಗಲಾಟೆಯಿಂದ ನಮ್ಮ ದಾಖಲೆಯೇ ಹೋಗಬಹುದು.

ಶರಾವತಿಯ ಸರದಿ ಮತ್ತೆ

ಲಿಂಗನಮಕ್ಕಿ ಕಟ್ಟುವಾಗ ಇಲ್ಲದ ಆಲಿಕೆ ಶರಾವತಿ ಕಣಿವೆಗೆ 2025ರ ಸೆಪ್ಟೆಂಬರ್‌ನಲ್ಲಿ ಬಂತು. ವಿಷಯ 2000 ಮೆಗಾವಾಟ್‌ನ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆ. ಯೋಜನೆ ಎರಡು ಜಿಲ್ಲೆಯಲ್ಲಿ ಹರಡಿರುವುದರಿಂದ ಎರಡು ಸಭೆ. ಸಾಗರ ತಾಲ್ಲೂಕಿನ ಕಾರ್ಗಲ್‌ನಲ್ಲಿ ಒಂದು, ಹೊನ್ನಾವರ ತಾಲ್ಲೂಕಿನ ಗೇರುಸೊಪ್ಪದಲ್ಲಿ ಇನ್ನೊಂದು. ಎರಡರಲ್ಲೂ ವಿರೋಧದ ದನಿಯೇ ಜೋರಾಗಿತ್ತು.

ಇಲ್ಲಿ ಹೊಸ ಅಣೆಕಟ್ಟು ಕಟ್ಟುವುದಿಲ್ಲ. ಮೇಲೆ ತಲಕಳಲೆ, ಕೆಳಗೆ ಗೇರುಸೊಪ್ಪ, ಎರಡೂ ಜಲಾಶಯ ಈಗಾಗಲೇ ಇವೆ. ನಡುವೆ ಬೆಟ್ಟದ ಒಳಗೆ ಸುರಂಗ ಮತ್ತು ನೆಲದಡಿಯ ವಿದ್ಯುದಾಗಾರ. ಕರೆಂಟು ಜಾಸ್ತಿ ಇರುವ ಹೊತ್ತಿನಲ್ಲಿ, ಅಂದರೆ ಸೋಲಾರ್ ಉರಿಯುವ ಮಧ್ಯಾಹ್ನ, ಕೆಳಗಿನ ನೀರನ್ನು ಮೇಲಕ್ಕೆ ಎತ್ತುವುದು. ಸಂಜೆ ಎಲ್ಲರೂ ಸ್ವಿಚ್ ಹಾಕಿದಾಗ ಅದೇ ನೀರನ್ನು ಕೆಳಗೆ ಬಿಟ್ಟು ಕರೆಂಟು ಮಾಡುವುದು. ಎತ್ತಲು 100 ಯೂನಿಟ್ ಖರ್ಚಾದರೆ ವಾಪಸ್ ಬರುವುದು 75–80. ಇದು ಒಂದು ದೊಡ್ಡ ಬ್ಯಾಟರಿ, ಹೊಸದಾಗಿ ಕರೆಂಟು ಹುಟ್ಟಿಸುವುದಿಲ್ಲ. ಯೋಜನೆ ಬೇಕು ಅನ್ನುವವರಿಗೂ ವಾದವಿದೆ: ಸೋಲಾರ್, ಗಾಳಿ ವಿದ್ಯುತ್ ಹೆಚ್ಚಿದಂತೆ ಅದನ್ನು ಹಿಡಿದಿಡಲು ಏನಾದರೂ ಬೇಕಲ್ವಾ?

ಬೇಡ ಅನ್ನುವವರ ವಾದ ಜಾಗದ ಬಗ್ಗೆ. ಅದು ಸಿಂಗಳೀಕಗಳ ಅಭಯಾರಣ್ಯ. 50 ಹೆಕ್ಟೇರಿಗೂ ಜಾಸ್ತಿ ಕಾಡು, ಸಾವಿರಾರು ಮರ ಹೋಗುತ್ತವೆ. ಸಿಂಗಳೀಕ ನೆಲಕ್ಕಿಳಿಯುವುದೇ ಅಪರೂಪ, ಮರದಿಂದ ಮರಕ್ಕೇ ಅದರ ದಾರಿ. ನಡುವೆ ರಸ್ತೆ ಅಗಲವಾದರೆ ಅದಕ್ಕೆ ನದಿ ಅಡ್ಡ ಬಂದ ಹಾಗೆ, ತುಮರಿಯವರಿಗೆ ಹಿನ್ನೀರು ಅಡ್ಡ ಬಂದ ಹಾಗೆ.

ನಾನು ಇಲ್ಲಿ ಯೋಜನೆ ಸರಿಯೋ ತಪ್ಪೋ ಅಂತ ತೀರ್ಪು ಕೊಡಲು ಹೊರಟಿಲ್ಲ. ಹೊತ್ತನ್ನು ನೋಡಿ. ಜನರ ಆಲಿಕೆ ನಡೆಯುವುದಕ್ಕೂ ಮೊದಲೇ ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಸ್ಥಾಯಿ ಸಮಿತಿಯ ತಾತ್ವಿಕ ಒಪ್ಪಿಗೆ ಸಿಕ್ಕಿತ್ತು. ಕಾಮಗಾರಿ ಯಾರಿಗೆ ಅನ್ನುವುದೂ ತೀರ್ಮಾನವಾಗಿತ್ತು. ವಿವರವಾದ ಯೋಜನಾ ವರದಿ ಅದಕ್ಕೂ ಹಳೆಯದು. ಇಷ್ಟೆಲ್ಲ ಆದ ಮೇಲೆ ಮೈಕು ಕೊಟ್ಟು 'ನಿಮ್ಮ ಅಭಿಪ್ರಾಯ ಹೇಳಿ' ಅಂದರೆ, ಹೆಣ್ಣು ಗಂಡು ಒಪ್ಪಿ, ಛತ್ರ ಬುಕ್ ಆಗಿ, ಕಾರ್ಡ್ ಹಂಚಿದ ಮೇಲೆ ಅಜ್ಜಿಯನ್ನು 'ಈ ಸಂಬಂಧ ಆಗಬಹುದಾ?' ಅಂತ ಕೇಳಿದ ಹಾಗೆ. ಅಜ್ಜಿ ಏನು ಹೇಳಬೇಕು? ಊಟಕ್ಕೆ ಹೋಳಿಗೆ ಇರಲಿ ಅನ್ನಬಹುದು, ಅಷ್ಟೇ.

ಜಗತ್ತಿನ ಅಣೆಕಟ್ಟುಗಳನ್ನೆಲ್ಲ ತಿರುವಿ ನೋಡಲು 1998ರಲ್ಲಿ ವಿಶ್ವ ಅಣೆಕಟ್ಟು ಆಯೋಗ ಅಂತ ಒಂದು ಮಾಡಿದ್ದರು. ನರ್ಮದಾ ಹೋರಾಟದ ನಮ್ಮ ಮೇಧಾ ಪಾಟ್ಕರ್ ಅದರ ಸದಸ್ಯೆ. 2000ದಲ್ಲಿ ಬಂದ ಅದರ ವರದಿ, ದೊಡ್ಡ ಅಣೆಕಟ್ಟುಗಳಿಂದ ನೆಲೆ ಕಳೆದುಕೊಂಡವರು ಜಗತ್ತಿನಲ್ಲಿ 4ರಿಂದ 8 ಕೋಟಿ ಅಂತ ಅಂದಾಜು ಮಾಡಿತು. ಅದು ಕೊಟ್ಟ ಮುಖ್ಯ ಸಲಹೆಯೂ ಹೊತ್ತಿನ ಬಗ್ಗೆಯೇ. ಮೊದಲು ಅಗತ್ಯ ಏನು ಅಂತ ಜನರ ಜೊತೆ ಮಾತಾಡಿ, ಆಮೇಲೆ ಇರುವ ದಾರಿಗಳನ್ನೆಲ್ಲ ಎದುರಿಗಿಟ್ಟು ತೂಗಿ, ಅಣೆಕಟ್ಟು ಆ ದಾರಿಗಳಲ್ಲಿ ಒಂದು. ಭಾರತ ಸರ್ಕಾರ ಆ ಮಾರ್ಗಸೂಚಿ ಒಪ್ಪಲಿಲ್ಲ.

ಒಪ್ಪಿಗೆ ಕೇಳುವ ಕಾನೂನು ಇಲ್ಲವೇ?

ಇದೆ, ಆದರೆ ತೂತುಗಳ ಜೊತೆ. 2013ರ ಭೂಸ್ವಾಧೀನ ಕಾಯ್ದೆ ನೋಡಿ. ಖಾಸಗಿ ಕಂಪನಿಗೆ ಜಮೀನು ಕೊಡಿಸುವುದಾದರೆ ಶೇ 80 ಸಂತ್ರಸ್ತ ಕುಟುಂಬಗಳ ಒಪ್ಪಿಗೆ ಬೇಕು. ಸರ್ಕಾರ ಮತ್ತು ಖಾಸಗಿ ಜೊತೆಯಾಗಿ ಮಾಡುವ ಯೋಜನೆಗೆ ಶೇ 70. ಸರ್ಕಾರವೇ ಮಾಡಿದರೆ? ಸೊನ್ನೆ. ನಮ್ಮ ಅಣೆಕಟ್ಟುಗಳಲ್ಲಿ ಬಹುಪಾಲು ಸರ್ಕಾರದ್ದೇ.

ಅದೇ ಕಾಯ್ದೆಯಲ್ಲಿ ಸಾಮಾಜಿಕ ಪರಿಣಾಮದ ಅಧ್ಯಯನ ಅಂತ ಒಂದು ಒಳ್ಳೆಯ ಭಾಗವಿದೆ. ಯಾರ ಕೂಲಿ ಹೋಗುತ್ತದೆ, ಯಾವ ದೇವಸ್ಥಾನ, ಯಾವ ಸ್ಮಶಾನ ಮುಳುಗುತ್ತದೆ, ಕುಟುಂಬಗಳು ಚದುರುತ್ತವಾ ಅಂತ ನೋಡಬೇಕು, ಅದಕ್ಕೂ ಊರಿನಲ್ಲಿ ಸಭೆ ಆಗಬೇಕು. ಆದರೆ 6ನೇ ಕಲಮಿನ ಬಾಲದಲ್ಲಿ ಒಂದು ಮಾತು ಸೇರಿಸಿದ್ದಾರೆ: ನೀರಾವರಿ ಯೋಜನೆಗೆ ಬೇರೆ ಕಾನೂನಿನಲ್ಲಿ ಇಐಎ ಆಗಬೇಕಿದ್ದರೆ ಈ ಸಾಮಾಜಿಕ ಅಧ್ಯಯನ ಬೇಕಿಲ್ಲ. ಅತಿ ಹೆಚ್ಚು ಜನರನ್ನು ಎಬ್ಬಿಸುವ ಯೋಜನೆಗೇ ಈ ವಿನಾಯಿತಿ. ಇದನ್ನು ಮೊದಲು ಓದಿದಾಗ ನಾನು ಎರಡು ಸಲ ಓದಿದೆ.

ಕಾಡಿನ ವಿಷಯದಲ್ಲಿ ಗ್ರಾಮಸಭೆಗೆ ಬಲ ಕೊಟ್ಟದ್ದು 2006ರ ಅರಣ್ಯ ಹಕ್ಕು ಕಾಯ್ದೆ. ಒಡಿಶಾದ ನಿಯಮಗಿರಿಯಲ್ಲಿ ಬಾಕ್ಸೈಟ್ ಗಣಿ ಬೇಕೋ ಬೇಡವೋ ಅನ್ನುವ ಪ್ರಶ್ನೆಯನ್ನು 2013ರಲ್ಲಿ ಸುಪ್ರೀಂ ಕೋರ್ಟ್ ಗ್ರಾಮಸಭೆಗಳ ಮುಂದೆ ಇಡಲು ಹೇಳಿತು. 12 ಗ್ರಾಮಸಭೆ ಸೇರಿದವು. ಹನ್ನೆರಡೂ ಬೇಡ ಅಂದವು. ಗಣಿ ಬರಲಿಲ್ಲ. ಅಣೆಕಟ್ಟಿನ ಕಥೆ ಅಲ್ಲದಿದ್ದರೂ, ಕೇಳುವುದು ಬೇರೆ, ಒಪ್ಪಿಗೆ ಪಡೆಯುವುದು ಬೇರೆ ಅನ್ನುವುದು ಇದರಷ್ಟು ಸ್ಪಷ್ಟವಾಗಿ ಎಲ್ಲೂ ಕಾಣುವುದಿಲ್ಲ. ಆದರೆ ಬುಡಕಟ್ಟು ಸೀಮೆಗಳಿಗೆ ವಿಶೇಷ ರಕ್ಷಣೆ ಕೊಡುವ ಸಂವಿಧಾನದ ಐದನೇ ಅನುಸೂಚಿಯ ಪ್ರದೇಶವೇ ಕರ್ನಾಟಕದಲ್ಲಿ ಇಲ್ಲ. ಅರಣ್ಯ ಹಕ್ಕು ಕಾಯ್ದೆ ನಮಗೂ ಇದೆ, ಆದರೆ ಬುಡಕಟ್ಟಿಗೆ ಸೇರದವರು ಮೂರು ತಲೆಮಾರು, 75 ವರ್ಷದ ಸಾಕ್ಷಿ ತರಬೇಕು. ಲಿಂಗನಮಕ್ಕಿಯಿಂದ ಎದ್ದುಬಂದು ಕಾಡಂಚಿನಲ್ಲಿ ಕೂತವರಿಗೆ ಈ ಲೆಕ್ಕವೇ ಕೂಡಿ ಬರುವುದಿಲ್ಲ. ಅವರು ಬಂದೇ 75 ವರ್ಷ ಆಗಿಲ್ಲ!

ಜನ ಅಂದರೆ ಯಾರು?

ಮುಳುಗುವವರೆಲ್ಲ ಅಣೆಕಟ್ಟು ಬೇಡ ಅನ್ನುತ್ತಾರೆ ಅಂದುಕೊಳ್ಳಬೇಡಿ. ಬಾಗಲಕೋಟೆಗೆ ಹೋದರೆ ಬೇರೆ ಮಾತು ಕೇಳುತ್ತೀರಿ. ಆಲಮಟ್ಟಿಯ ಮಟ್ಟವನ್ನು 519.6 ಮೀಟರಿನಿಂದ 524.256ಕ್ಕೆ ಏರಿಸಿದರೆ ಇನ್ನೂ 75 ಸಾವಿರ ಎಕರೆಗೂ ಜಾಸ್ತಿ ಜಮೀನು ಹೋಗುತ್ತದೆ. ಹಳೆ ಬಾಗಲಕೋಟೆ ಮುಳುಗಿ, ನವನಗರ ಎದ್ದದ್ದನ್ನು ಕಂಡವರು ಅಲ್ಲಿನ ಜನ. ಅವರ ಹೋರಾಟ ಬಹುಪಾಲು ದರದ ಬಗ್ಗೆ, ಬೇಗ ಕೊಡಿ ಅನ್ನುವ ಬಗ್ಗೆ. ಏಕೆಂದರೆ ಮುಳುಗುತ್ತದೆ ಅಂತ ಗೊತ್ತಾದ ಜಮೀನಿಗೆ ಯಾರೂ ಕೊಳವೆಬಾವಿ ಕೊರೆಸುವುದಿಲ್ಲ, ಆ ಊರಿಗೆ ಹೆಣ್ಣು ಕೊಡಲೂ ಹಿಂದೆಮುಂದೆ ನೋಡುತ್ತಾರೆ. 2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಂಪುಟ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣಭೂಮಿಗೆ 30 ಲಕ್ಷ ಅಂತ ತೀರ್ಮಾನಿಸಿತು. ಆ ದರ ಕಾಗದದಿಂದ ಹುಟ್ಟಲಿಲ್ಲ, ವರ್ಷಗಟ್ಟಲೆ ಧರಣಿ, ಮಾತುಕತೆಯಿಂದ ಬಂತು. ಇದೂ ನಿರ್ಧಾರದಲ್ಲಿ ಜನರ ಪಾಲೇ.

ಇನ್ನು ಅಣೆಕಟ್ಟಿನ ಕೆಳಗಿನವರು. ನದಿ ಸಮುದ್ರ ಸೇರುವಲ್ಲಿ ಉಪ್ಪುನೀರು, ಸಿಹಿನೀರು ಕೂಡುವ ಲೆಕ್ಕ ತಪ್ಪಿದರೆ ಮೀನು, ಬೆಳಚು (ಚಿಪ್ಪುಮೀನು) ಎಲ್ಲ ತಪ್ಪುತ್ತದೆ. ಹೊನ್ನಾವರದ ಕಡೆಯ ಮೀನುಗಾರರು ಇದನ್ನೇ ಹೇಳುವುದು. ಅವರ ಮನೆ ಮುಳುಗುವುದಿಲ್ಲ, ಜಮೀನು ಹೋಗುವುದಿಲ್ಲ, ಹಾಗಾಗಿ ಸಂತ್ರಸ್ತರ ಪಟ್ಟಿಯಲ್ಲಿ ಹೆಸರಿಲ್ಲ.

ಭಾಷೆಯ ವಿಷಯ ಬೇರೆ. ಕನ್ನಡದಲ್ಲಿ ಸಿಗುವುದು ಸಾರಾಂಶ, ಕೆಲವು ಪುಟ. ನೂರಾರು ಪುಟದ ಮೂಲ ವರದಿ ಇಂಗ್ಲಿಷಿನಲ್ಲಿ. 2020ರಲ್ಲಿ ಇದೇ ಇಐಎ ನಿಯಮವನ್ನು ಬದಲಿಸುವ ಕರಡು ಬಂದಾಗ ಅದೂ ಇಂಗ್ಲಿಷ್, ಹಿಂದಿಯಲ್ಲೇ ಬಂತು. ಆಲಿಕೆಯ ನೋಟಿಸನ್ನು 30 ದಿನದಿಂದ 20ಕ್ಕೆ ಇಳಿಸುವ ಪ್ರಸ್ತಾವವೂ ಅದರಲ್ಲಿತ್ತು. 22 ಭಾಷೆಯಲ್ಲಿ ಪ್ರಕಟಿಸಿ ಅಂತ ದೆಹಲಿ ಹೈಕೋರ್ಟ್ ಹೇಳಿತು. ಕರ್ನಾಟಕ ಹೈಕೋರ್ಟ್ ಅಂತಿಮ ಅಧಿಸೂಚನೆ ಹೊರಡಿಸದಂತೆ ತಡೆದದ್ದೂ ಇದೇ ಭಾಷೆಯ ಕಾರಣಕ್ಕೆ.

ನಿಮ್ಮ ಊರಿನ ಹತ್ತಿರ ಇಂಥ ನೋಟಿಸ್ ಬಂದರೆ ಮೊದಲ ದಿನವೇ ಪೂರ್ತಿ ವರದಿ ತರಿಸಿಕೊಳ್ಳಿ. ಸಾರಾಂಶ ಸಾಲದು. ಇಂಗ್ಲಿಷ್ ಓದುವ ಊರಿನ ನಾಲ್ಕು ಹುಡುಗರಿಗೆ ಒಂದೊಂದು ಅಧ್ಯಾಯ ಹಂಚಿ. ನಿಮ್ಮ ಊರಿನ ಹೆಸರು, ಹಳ್ಳದ ಹೆಸರು, ದೂರದ ಲೆಕ್ಕ ಸರಿ ಇದೆಯಾ ನೋಡಿ. ತಪ್ಪು ಸಿಕ್ಕರೆ ಪುಟದ ನಂಬರ್ ಸಮೇತ ಬರೆದು ಕೊಡಿ, ಇನ್ನೊಂದು ಪ್ರತಿಯ ಮೇಲೆ ಸೀಲು, ಸಹಿ, ತಾರೀಕು ಹಾಕಿಸಿಕೊಳ್ಳಿ. ಸಭೆ ಮುಗಿದ ಮೇಲೆ ನಡಾವಳಿಯ ಪ್ರತಿ ಪಂಚಾಯಿತಿ ಕಚೇರಿಯಲ್ಲಿ ಹಾಕಬೇಕು ಅಂತ ನಿಯಮ. ಹಾಕಿದ್ದಾರಾ ಅಂತ ಹೋಗಿ ನೋಡಿ. ನೀವು ಹೇಳಿದ್ದು ಬಿಟ್ಟುಹೋಗಿದ್ದರೆ ಮತ್ತೆ ಬರೆದು ಕಳಿಸಬಹುದು.

ಬೇಡ್ತಿ ಈಗ ಮತ್ತೆ ಸುದ್ದಿಯಲ್ಲಿದೆ. ಈ ಸಲ ವಿದ್ಯುತ್ ಅಲ್ಲ, ನದಿ ಜೋಡಣೆ. ಬೇಡ್ತಿಯ ನೀರನ್ನು ವರದಾ ನದಿಗೆ ಸೇರಿಸಿ ಬಯಲುಸೀಮೆಗೆ ಒಯ್ಯುವ ಪ್ರಸ್ತಾವ. ಶಿರಸಿ, ಯಲ್ಲಾಪುರದ ಕಡೆ ಆಲಿಕೆಯ ನೋಟಿಸಿಗೆ ಕಾಯದೆ ಜನರೇ ಸಭೆ ಸೇರುತ್ತಿದ್ದಾರೆ, 1981ರಂತೆ. ಹಾವೇರಿ ಕಡೆ ನೀರು ಬೇಕು ಅನ್ನುವ ಸಭೆಗಳೂ ನಡೆಯುತ್ತಿವೆ. ನಿಯಮದ ಆಲಿಕೆ ಯಾವತ್ತಾದರೂ ಬಂದರೂ ಅದು ಜಿಲ್ಲೆಗೊಂದು. ಘಟ್ಟದ ತೋಟಿಗ ಮತ್ತು ಬಯಲಿನ ರೈತ ಒಂದೇ ಪೆಂಡಾಲಿನಲ್ಲಿ ಕೂತು, ಒಬ್ಬರ ಲೆಕ್ಕವನ್ನು ಇನ್ನೊಬ್ಬರು ನೋಡುವ ಸಭೆ ಯಾವ ಅಧಿಸೂಚನೆಯಲ್ಲೂ ಇಲ್ಲ. ಶಿರಸಿಯಿಂದ ಹಾವೇರಿಗೆ ಬಸ್ಸಿನಲ್ಲಿ ಎರಡು ತಾಸಿನ ದಾರಿ.